ಒಣಗಿದ ಕುಂಡವನ್ನು ಎಸೆಯಬೇಡಿ: ಬೆಂಗಳೂರಿನ ಬಾಲ್ಕನಿ, ತಾರಸಿ ತೋಟಗಾರರಿಗೊಂದು ಬಹಿರಂಗ ಪತ್ರ

ನಲ್ಮೆಯ ತೋಟಗಾರ ಬಂಧುಗಳೇ,

ಚಳಿಗಾಲ ಮುಗಿಯುವ ಹೊತ್ತಿಗೆ ನಮ್ಮ ಅಪಾರ್ಟ್‌ಮೆಂಟುಗಳ ಕಸದ ಕೋಣೆಗಳಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಎಲೆ ಹಳದಿಯಾಗಿ ಜೋತುಬಿದ್ದ ಕುಂಡಗಳು, ಮಣ್ಣಿನ ಸಮೇತ ಮಗುಚಿ ಹಾಕಿದ ಗ್ರೋ ಬ್ಯಾಗುಗಳು, ಆ ಮಣ್ಣಿನೊಳಗಿಂದ ಇಣುಕುವ ಗೆಡ್ಡೆಗಳು. ಹೂ ಮುಗಿಯಿತು, ಎಲೆ ಒಣಗಿತು, ಗಿಡ ಸತ್ತೇಹೋಯಿತು ಎಂದುಕೊಂಡು ಯಾರೋ ಎಸೆದಿರುತ್ತಾರೆ. ಆ ಗೆಡ್ಡೆಯನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಅದಕ್ಕೆ ಜೀವವಿದೆ. ಮೇಲಿನ ಒಣ ಸಿಪ್ಪೆಯ ಕೆಳಗೆ ತೇವವಿರುವ ಬಿಳಿ ಪದರಗಳಿರುತ್ತವೆ. ಹಿಪ್ಪಿಯಾಸ್ಟ್ರಮ್‌ನಂಥ ಗಿಡವಾದರೆ ಆ ಪದರಗಳ ನಡುವೆ ಮುಂದಿನ ಸಲ ಅರಳಬೇಕಾದ ಮೊಗ್ಗು ಆಗಲೇ ಮೂಡಿರುತ್ತದೆ.

ಈ ಪತ್ರ ಬರೆಯಲು ಕಾರಣ ಅದೇ. ನಮ್ಮ ಊರಿನ ಹವೆಗೆ, ಚಿಕ್ಕ ಬಾಲ್ಕನಿಗಳಿಗೆ, ಬೇಸಿಗೆಯ ನೀರಿನ ಕೊರತೆಗೆ ಲಿಲ್ಲಿ ಬಳಗದಷ್ಟು ಚೆನ್ನಾಗಿ ಹೊಂದಿಕೊಳ್ಳುವ ಹೂಗಿಡಗಳು ಕಡಿಮೆ. ಆದರೂ ಆ ಬಳಗದಲ್ಲಿ ನಮ್ಮ ಹವೆಗೆ ಒಗ್ಗದ ಒಂದನ್ನು ದುಬಾರಿ ಬೆಲೆ ಕೊಟ್ಟು ಮತ್ತೆ ಮತ್ತೆ ತರುತ್ತಿದ್ದೇವೆ. ಒಗ್ಗುವ ಹತ್ತಾರನ್ನು ಅವು ಮಲಗಿದ ಹೊತ್ತಿನಲ್ಲಿ ಕಸಕ್ಕೆ ಹಾಕುತ್ತಿದ್ದೇವೆ. ಈ ಎರಡೂ ರೂಢಿಗಳನ್ನು ಬದಲಿಸಿಕೊಳ್ಳೋಣ ಎಂಬುದು ನನ್ನ ಕೋರಿಕೆ.

ಮೊದಲು ನಮ್ಮ ಹವೆಯ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಜನವರಿಯ ಬೆಳಗಿನ ಚಳಿಯೂ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್‌ನಲ್ಲಿ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿನೊಡನೆ ಶುರುವಾಗುತ್ತವೆ. ಆಮೇಲೆ ಮುಂಗಾರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ವರ್ಷದ ಜೋರು ಮಳೆ. ಆಫ್ರಿಕಾದ ಸಹಾರಾ ಮರುಭೂಮಿಯಿಂದ ದಕ್ಷಿಣಕ್ಕಿರುವ ಹುಲ್ಲುಗಾವಲುಗಳಲ್ಲೂ ದಕ್ಷಿಣ ಅಮೆರಿಕದ ಹಲವು ಬೆಟ್ಟಗುಡ್ಡಗಳಲ್ಲೂ ಕಾಲಮಾನ ಹೆಚ್ಚುಕಡಿಮೆ ಹೀಗೇ: ಬೆಚ್ಚನೆಯ ಮಳೆಗಾಲ, ಒಣ ಚಳಿಗಾಲ. ಅಲ್ಲಿ ಹುಟ್ಟಿದ ಗೆಡ್ಡೆಗಿಡಗಳು ಮಳೆಯಲ್ಲಿ ಎಲೆ ಬಿಟ್ಟು, ಆ ಎಲೆಗಳಿಂದ ಗೆಡ್ಡೆಗೆ ಆಹಾರ ತುಂಬಿಕೊಂಡು, ನೀರು ಬತ್ತಿದಾಗ ಎಲೆ ಕಳಚಿ ಮಣ್ಣಿನೊಳಗೆ ಮಲಗುವುದನ್ನು ರೂಢಿಸಿಕೊಂಡಿವೆ. ಬೆಂಗಳೂರಿಗೆ ಬಂದರೂ ಅವುಗಳ ದಿನಚರಿ ಬದಲಾಗಬೇಕಿಲ್ಲ. ಹಾಗಾಗಿ ಚಳಿಗಾಲದಲ್ಲಿ ಎಲೆ ಹಳದಿಯಾಗುವುದು ಅವುಗಳ ಪಾಲಿಗೆ ಆರೋಗ್ಯದ ಲಕ್ಷಣವೇ.

ಇನ್ನು ನಾವು ದುಬಾರಿ ಬೆಲೆಗೆ ತರುವ ಗಿಡ. ಹೂವಿನಂಗಡಿಯ ಬೊಕೆಯಲ್ಲಿ, ನರ್ಸರಿಯ ಮುಂಭಾಗದಲ್ಲಿ, ಆನ್‌ಲೈನ್ ಜಾಹೀರಾತಿನಲ್ಲಿ ಲಿಲ್ಲಿ ಎಂದರೆ ಬಹುಪಾಲು ಲಿಲಿಯಮ್ ಜಾತಿಯ ಮಿಶ್ರತಳಿಗಳು. ಏಷಿಯಾಟಿಕ್, ಓರಿಯಂಟಲ್ ಎಂಬ ಹೆಸರಿನಲ್ಲಿ ಬರುವ ದೊಡ್ಡ ಹೂಗಳಿವು. ಇವುಗಳ ಗೆಡ್ಡೆಗಳು ಹೆಚ್ಚಾಗಿ ನೆದರ್‌ಲೆಂಡ್ಸ್‌ನಿಂದ ಬರುತ್ತವೆ. ಅವುಗಳ ಪೂರ್ವಜರು ಏಷ್ಯಾದ ತಣ್ಣನೆಯ ನಾಡುಗಳವರು. ಗೆಡ್ಡೆಯೊಳಗಿನ ಮೊಳಕೆ ಸರಿಯಾಗಿ ಎದ್ದು ಹೂ ಕಟ್ಟಬೇಕಾದರೆ ಮೊದಲು ಹಲವು ವಾರ 2ರಿಂದ 5 ಡಿಗ್ರಿಯ ತಂಪಿನಲ್ಲಿ ಇದ್ದು ಬರಬೇಕು. ಮಾರುವವರು ಶೀತಲಗೃಹದಲ್ಲಿ ಆ ತಂಪು ಕೊಟ್ಟೇ ಕಳಿಸಿರುತ್ತಾರೆ. ಮೊದಲ ವರ್ಷ ನಮ್ಮ ಬಾಲ್ಕನಿಯಲ್ಲಿ ಹೂ ಸೊಗಸಾಗಿ ಅರಳುತ್ತದೆ. ಎರಡನೆಯ ವರ್ಷಕ್ಕೆ ಬೇಕಾದ ತಂಪು ಬೆಂಗಳೂರಿನಲ್ಲಿ ಸಿಗುವುದಿಲ್ಲ. ಎಲೆ ಬರುತ್ತದೆ, ಗಿಡ ಕುಳ್ಳಾಗುತ್ತದೆ, ಗೆಡ್ಡೆ ಸಣ್ಣದಾಗುತ್ತ ಹೋಗುತ್ತದೆ. ನೀರು ಹೆಚ್ಚಾಯಿತೇ, ಗೊಬ್ಬರ ಕಡಿಮೆಯಾಯಿತೇ ಎಂದು ಕೊರಗಬೇಡಿ. ನಿಮ್ಮ ಆರೈಕೆಯಲ್ಲಿ ಕೊರತೆಯಿಲ್ಲ, ಆ ಗಿಡ ಕೇಳುವ ಚಳಿ ಇಲ್ಲಿಲ್ಲ. ಅದರ ಮೇಲೆ ಮನಸ್ಸಿದ್ದವರು ಎಲೆ ಒಣಗಿದ ಮೇಲೆ ಗೆಡ್ಡೆಯನ್ನು ತುಸು ತೇವದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, ಆರೆಂಟು ವಾರ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಟ್ಟು ನೋಡಬಹುದು. ಹತ್ತಿರ ಸೇಬು, ಬಾಳೆಹಣ್ಣು ಇರಬಾರದು. ಅವುಗಳಿಂದ ಹೊರಬರುವ ಎಥಿಲೀನ್ ಅನಿಲ ಮೊಳಕೆಯನ್ನು ಕೆಡಿಸುತ್ತದೆ.

ದಕ್ಷಿಣ ಭಾರತದಲ್ಲೂ ಲಿಲಿಯಮ್ ಇಲ್ಲವೆಂದಲ್ಲ. ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲುಗಳಲ್ಲಿ ಬಿಳಿಯ ಕಹಳೆಯಂತೆ ಅರಳುವ ನೀಲಗಿರಿ ಲಿಲ್ಲಿ ಇದೆ. ಅದು ಬೆಟ್ಟದ ತಂಪಿಗೆ ಒಗ್ಗಿದ ಕಾಡುಹೂವು, ಅಲ್ಲೇ ಇರಬೇಕಾದದ್ದು. ನಮಗೆ ಬೇಕಾದ ಗಿಡಗಳನ್ನು ಬಳಗದ ಬೇರೆ ಕವಲುಗಳಲ್ಲಿ ಹುಡುಕಬೇಕು. ಹಿಂದೆ ಸಸ್ಯಶಾಸ್ತ್ರಜ್ಞರು ಲಿಲಿಯೇಸೀ ಎಂಬ ಒಂದೇ ಕುಟುಂಬದಲ್ಲಿ ಸಾವಿರಾರು ಪ್ರಭೇದಗಳನ್ನು ಕೂಡಿಸಿಟ್ಟಿದ್ದರು. ಡಿಎನ್‌ಎ ಆಧಾರದ ಮೇಲೆ 1998ರಿಂದ ರೂಪುಗೊಂಡ ವರ್ಗೀಕರಣದಲ್ಲಿ ಆ ಕೂಡುಕುಟುಂಬ ಪಾಲಾಯಿತು. ಸ್ಪೈಡರ್ ಪ್ಲಾಂಟ್, ಸ್ನೇಕ್ ಪ್ಲಾಂಟ್, ಶತಾವರಿ ಒಂದು ಕಡೆಗೆ ಹೋದವು. ಲೋಳೆಸರ, ಡೇ ಲಿಲ್ಲಿ ಇನ್ನೊಂದು ಕಡೆಗೆ, ಗೌರಿ ಹೂ ಮತ್ತೊಂದು ಕಡೆಗೆ. ತೋಟಗಾರರ ಮಾತಿನಲ್ಲಿ ಮಾತ್ರ ಇವೆಲ್ಲ ಇಂದಿಗೂ ಒಂದೇ ಬಳಗ. ನಾನೂ ಆ ಅರ್ಥದಲ್ಲೇ ಬರೆಯುತ್ತಿದ್ದೇನೆ.

ನಾಲ್ಕೈದು ಗಂಟೆ ಬಿಸಿಲು ಬೀಳುವ ಬಾಲ್ಕನಿಯಿದ್ದರೆ ಹಿಪ್ಪಿಯಾಸ್ಟ್ರಮ್‌ನಿಂದ ಶುರುಮಾಡಿ. ನರ್ಸರಿಯಲ್ಲಿ ಅಮರಿಲ್ಲಿಸ್ ಎಂದು ಕೇಳಿದರೆ ಕೊಡುವ ಗೆಡ್ಡೆ ಇದೇ. ತವರು ದಕ್ಷಿಣ ಅಮೆರಿಕ. 1799ರಲ್ಲಿ ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ ಆರ್ಥರ್ ಜಾನ್ಸನ್ ಎಂಬ ಗಡಿಯಾರ ತಯಾರಕರು ಎರಡು ಪ್ರಭೇದಗಳನ್ನು ಕೂಡಿಸಿ, ಕೆಂಪು ಎಸಳಿನ ನಡುವೆ ಬಿಳಿ ಗೆರೆಯಿರುವ ಮೊದಲ ಮಿಶ್ರತಳಿಯನ್ನು ಪಡೆದರು. ಇಂದಿನ ನೂರಾರು ಬಣ್ಣಗಳ ಪಯಣ ಅಲ್ಲಿಂದ ಶುರುವಾಯಿತು. ಗೆಡ್ಡೆಗಿಂತ ನಾಲ್ಕೈದು ಸೆಂಟಿಮೀಟರ್ ಹೆಚ್ಚು ಅಗಲವಿರುವ ಕುಂಡ ಸಾಕು. ತೀರಾ ದೊಡ್ಡ ಕುಂಡದಲ್ಲಿ ಬೇರು ಹೀರದ ನೀರು ನಿಂತು ಗೆಡ್ಡೆ ಕೊಳೆಯುತ್ತದೆ. ಗೆಡ್ಡೆಯ ಕತ್ತು, ಅಂದರೆ ಮೇಲಿನ ಮೂರನೆಯ ಒಂದು ಭಾಗ, ಮಣ್ಣಿನಿಂದ ಹೊರಗಿರಲಿ. ಹೂವಾದ ಮೇಲೆ ಹೂದಂಡನ್ನಷ್ಟೇ ಕತ್ತರಿಸಿ, ಎಲೆಗೆ ಕತ್ತರಿ ಹಾಕಬೇಡಿ. ಮುಂದಿನ ವರ್ಷದ ಹೂವಿಗೆ ಬೇಕಾದ ಆಹಾರವನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ದುಡಿದು ಕೂಡಿಡುವುದು ಆ ಎಲೆಗಳೇ. ನವೆಂಬರ್‌ನಲ್ಲಿ ನೀರು ಕಡಿಮೆ ಮಾಡುತ್ತ ಬಂದು ಡಿಸೆಂಬರ್, ಜನವರಿಯಲ್ಲಿ ಪೂರ್ತಿ ನಿಲ್ಲಿಸಿ, ಮಳೆ ತಾಗದ ಮೂಲೆಯಲ್ಲಿಡಿ. ಫೆಬ್ರವರಿ ಮಾರ್ಚ್‌ನಲ್ಲಿ ಕತ್ತಿನ ಪಕ್ಕದಿಂದ ಹಸಿರು ತುದಿ ಇಣುಕಿದಾಗ ಮತ್ತೆ ನೀರು ಹಾಕಿದರಾಯಿತು.

ಮೇ ಫ್ಲವರ್ ಅಥವಾ ಫುಟ್‌ಬಾಲ್ ಲಿಲ್ಲಿ ಎಂದು ಕರೆಯುವ ಸ್ಕಾಡಾಕ್ಸಸ್ ಇದಕ್ಕಿಂತ ಸುಲಭ. ಆಫ್ರಿಕಾದಿಂದ ಬಂದದ್ದು. ಬೇಸಿಗೆಯುದ್ದಕ್ಕೂ ಕುಂಡದಲ್ಲಿ ಬರೀ ಮಣ್ಣು. ಮೊದಲ ಒಂದೆರಡು ಮಳೆ ಬಿದ್ದ ಮೇಲೆ ಚುಕ್ಕಿಚುಕ್ಕಿಯ ದಪ್ಪ ದಂಡೊಂದು ಮಣ್ಣನ್ನು ಸೀಳಿ ಏಳುತ್ತದೆ. ಅದರ ತುದಿಯಲ್ಲಿ ಹೊದಿಕೆ ಬಿಚ್ಚಿಕೊಂಡು ನೂರಕ್ಕೂ ಹೆಚ್ಚು ಕೆಂಪು ಹೂಗಳು ಎಲ್ಲ ದಿಕ್ಕಿಗೂ ಸೆಟೆದು ನಿಲ್ಲುತ್ತವೆ. ಹತ್ತಿರ ಹೋಗಿ ನೋಡಿದರೆ ಪ್ರತಿ ಹೂವಿನ ಎಸಳು ದಾರದಷ್ಟು ತೆಳು. ನಮಗೆ ಚೆಂಡಾಗಿ ಕಾಣುವುದು ಹೊರಚಾಚಿದ ಕೇಸರಗಳು, ಅವುಗಳ ತುದಿಯ ಹಳದಿ ಪರಾಗ. ವಾರದಿಂದ ಹತ್ತು ದಿನ ಈ ಸೊಬಗು. ಆಮೇಲೆ ಅಗಲವಾದ ಎಲೆಗಳು ಬಂದು ಮಳೆಗಾಲವಿಡೀ ನಿಲ್ಲುತ್ತವೆ. ಇದಕ್ಕೆ ಅರೆನೆರಳೂ ಆದೀತು. ಚಳಿಗಾಲದಲ್ಲಿ ಅತಿ ಹೆಚ್ಚು ಕಸದ ಪಾಲಾಗುವ ಗೆಡ್ಡೆಯೂ ಇದೇ. ಕುಂಡದಲ್ಲಿ ಏನೂ ಕಾಣದಿದ್ದಾಗ ಹಳೆಯ ಮಣ್ಣೆಂದು ಮಗುಚಿಬಿಡುತ್ತೇವೆ.

ರೇನ್ ಲಿಲ್ಲಿಗೆ ಕಿಟಕಿಯ ಸಜ್ಜೆಯಷ್ಟು ಜಾಗ ಸಾಲುತ್ತದೆ. ಅಗಲ ಬಾಯಿಯ, ಆಳ ಕಡಿಮೆಯಿರುವ ಕುಂಡದಲ್ಲಿ ಹತ್ತಿಪ್ಪತ್ತು ಗೆಡ್ಡೆ ಒತ್ತಾಗಿ ಹಾಕಿ. ಗುಲಾಬಿ, ಬಿಳಿ, ಹಳದಿ ಬಣ್ಣಗಳಲ್ಲಿ ಸಿಗುತ್ತದೆ. ಒಣಹವೆಯ ಬಳಿಕ ಜೋರು ಮಳೆ ಬಿದ್ದರೆ ಕೆಲವೇ ದಿನಗಳಲ್ಲಿ ಮೊಗ್ಗುಗಳು ಒಟ್ಟಿಗೆ ಏಳುತ್ತವೆ. ದಿನವೂ ಚೂರುಚೂರು ನೀರು ಚಿಮುಕಿಸುವ ಕುಂಡದಲ್ಲಿ ಹೂ ಕಡಿಮೆ. ಕೆಲವು ದಿನ ಒಣಗಲು ಬಿಟ್ಟು, ಒಮ್ಮೆಲೇ ತಳದವರೆಗೆ ತೋಯಿಸಿದರೆ ಗಿಡ ಅದನ್ನೇ ಮಳೆಯೆಂದು ತಿಳಿಯುತ್ತದೆ.

ಗೌರಿ ಹೂವನ್ನು ಬಿಟ್ಟು ಈ ಪಟ್ಟಿ ಮಾಡಲು ನನಗೆ ಮನಸ್ಸಿಲ್ಲ. ಅಗ್ನಿಶಿಖೆ ಎಂದೂ ಕರೆಯುವ ಈ ಬಳ್ಳಿ ನಮ್ಮ ಬೇಲಿಗಳದ್ದು, ಮಲೆನಾಡಿನ ಕಾಡಂಚಿನದ್ದು. ತಮಿಳುನಾಡಿನ ರಾಜ್ಯಪುಷ್ಪ, ಜಿಂಬಾಬ್ವೆಯ ರಾಷ್ಟ್ರಪುಷ್ಪವೂ ಹೌದು. ಮಲೆನಾಡಿನಲ್ಲಿ ಭಾದ್ರಪದದ ಗೌರಿ ಹಬ್ಬಕ್ಕೆ ಇದನ್ನು ಹುಡುಕಿ ತರುವವರು ಇಂದಿಗೂ ಇದ್ದಾರೆ. ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿದುಕೊಂಡು ಬಳ್ಳಿ ಮೇಲೇರುತ್ತದೆ. ಮೊಗ್ಗು ತಲೆ ತಗ್ಗಿಸಿ ತೂಗುತ್ತದೆ. ಅರಳಿದಾಗ ಅಂಚು ಅಲೆಅಲೆಯಾದ ಆರು ಎಸಳುಗಳು ಹಿಂದಕ್ಕೆ ಬಾಗಿ ಮೇಲ್ಮುಖವಾಗುತ್ತವೆ. ಮೊದಲು ಹಸಿರು ಮಿಶ್ರಿತ ಹಳದಿ, ಆಮೇಲೆ ತುದಿಯಿಂದ ಕೆಂಪು ಇಳಿಯುತ್ತ ಬಂದು ಕೊನೆಗೆ ಇಡೀ ಹೂ ಕೆಂಪು. ಶಲಾಕೆ ಬುಡದಲ್ಲೇ ಲಂಬಕೋನವಾಗಿ ತಿರುಗಿ ಪಕ್ಕಕ್ಕೆ ಚಾಚಿರುತ್ತದೆ. ಏಪ್ರಿಲ್-ಮೇನಲ್ಲಿ ಹನ್ನೆರಡು ಇಂಚಿನ ಕುಂಡದಲ್ಲಿ ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೇಲೆ ಎರಡಿಂಚು ಮಣ್ಣು ಮುಚ್ಚಿ, ಹತ್ತಲು ಬಲೆಯೋ ಕಡ್ಡಿಯೋ ಕೊಡಿ. ಗೆಡ್ಡೆಯ ಮೊಳಕೆಯ ತುದಿ ಬಹಳ ನಾಜೂಕು, ಮುರಿದರೆ ಆ ವರ್ಷದ ಬಳ್ಳಿ ಹೋದಂತೆಯೇ. ವರ್ಷದ ಕೊನೆಗೆ ಬಳ್ಳಿ ಒಣಗಿ ಮಾಯವಾದಾಗ ಕುಂಡಕ್ಕೆ ಒಂದು ಚೀಟಿ ಅಂಟಿಸಿ ಹಾಗೇ ಬಿಡಿ. ಈ ಗಿಡದ ಪ್ರತಿ ಭಾಗವೂ ವಿಷ, ಗೆಡ್ಡೆಯಂತೂ ತೀವ್ರ ವಿಷ. ಅದನ್ನು ಕುರಿತು ಮುಂದೆ ಹೇಳುತ್ತೇನೆ. ಇನ್ನೊಂದು ಮಾತು: ಕಾಡಿನಿಂದ ಕಿತ್ತು ತಂದ ಗೆಡ್ಡೆಯನ್ನು ಕೊಳ್ಳಬೇಡಿ. ತಮಿಳುನಾಡಿನ ರೈತರು ಇದನ್ನು ಔಷಧಿ ಉದ್ಯಮದ ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಬೆಳೆಸಿದ ಗೆಡ್ಡೆ ಸಿಗುವಾಗ ಕಾಡಿನ ಮೂಲಕ್ಕೆ ಕೈಹಾಕುವುದು ಬೇಡ.

ಪರಿಮಳ ಬೇಕೆನ್ನುವವರಿಗೆ ಸುಗಂಧರಾಜವಿದೆ. ಮೆಕ್ಸಿಕೋ ಮೂಲದ ಈ ಗೆಡ್ಡೆಯನ್ನು ನಮ್ಮ ರೈತರು ಎಷ್ಟು ತಮ್ಮದಾಗಿಸಿಕೊಂಡಿದ್ದಾರೆಂದರೆ ಮದುವೆಯ ಹಾರವೆಂದರೆ ಕಣ್ಣಮುಂದೆ ಬರುವುದೇ ಅದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಮುಂತಾದ ತಳಿಗಳನ್ನು ಬಿಡುಗಡೆ ಮಾಡಿದೆ. ನಗರದ ಹೊರವಲಯದಲ್ಲಿ ನಮ್ಮವರೇ ರೂಪಿಸಿದ ತಳಿ ಇರುವಾಗ ಸಾವಿರಾರು ಮೈಲಿ ದೂರದ ಶೀತಲ ಗೆಡ್ಡೆಗೆ ಮೊದಲ ಮಣೆ ಏಕೆ? ಬೇಸಿಗೆಯ ಕೊನೆಗೆ ದಪ್ಪ ಗೆಡ್ಡೆ ಆರಿಸಿ, ಬಿಸಿಲು ಚೆನ್ನಾಗಿ ಬೀಳುವಲ್ಲಿ ಹಾಕಿ. ಮೂರ್ನಾಲ್ಕು ತಿಂಗಳಲ್ಲಿ ಹೂಗೋಲು ಏಳುತ್ತದೆ.

ಬಿಸಿಲೇ ಬೀಳದ ಬಾಲ್ಕನಿಗಳವರು ನಿರಾಶರಾಗಬೇಕಿಲ್ಲ. ನೆರಳಿನಲ್ಲೂ ಬಿಳಿಯ ಸುವಾಸಿತ ಹೂ ಬಿಡುವ ಅಮೆಜಾನ್ ಲಿಲ್ಲಿ, ಅಂದರೆ ಯೂಕಾರಿಸ್, ಅಗಲವಾದ ಹಸಿರೆಲೆಗಳಿಂದ ವರ್ಷವಿಡೀ ತುಂಬಿಕೊಂಡಿರುತ್ತದೆ. ಮನೆಯೊಳಗಾದರೆ ಆಸ್ಪಿಡಿಸ್ಟ್ರಾ. ಗ್ಯಾಸ್ ದೀಪದ ಹೊಗೆ ತುಂಬಿದ, ಬೆಳಕು ಕಡಿಮೆಯಿದ್ದ ವಿಕ್ಟೋರಿಯಾ ಕಾಲದ ಇಂಗ್ಲಿಷ್ ಮನೆಗಳಲ್ಲೂ ಬದುಕಿ ಉಳಿದ ಜಪಾನಿನ ಗಿಡವಿದು. ಇದರ ಕೆನ್ನೀಲಿ ಹೂ ಎಲೆಗಳ ಬುಡದಲ್ಲಿ, ಮಣ್ಣಿಗೆ ಅಂಟಿಕೊಂಡಂತೆ ಅರಳುತ್ತದೆ. ಬಗ್ಗಿ ಹುಡುಕಿದವರಿಗಷ್ಟೇ ಕಾಣುತ್ತದೆ.

ಸ್ಪೈಡರ್ ಪ್ಲಾಂಟ್ ಮತ್ತು ಸ್ನೇಕ್ ಪ್ಲಾಂಟ್ ಈಗ ಇಲ್ಲದ ಮನೆಯಿಲ್ಲ. ಸ್ಪೈಡರ್ ಪ್ಲಾಂಟಿನ ತವರು ಆಫ್ರಿಕಾ. ಅದರ ದಪ್ಪ ಬೇರುಗಳು ನೀರು ಕೂಡಿಟ್ಟುಕೊಳ್ಳುತ್ತವೆ, ಹಾಗಾಗಿ ಊರಿಗೆ ಹೋಗಿ ವಾರ ಬಿಟ್ಟು ಬಂದರೂ ಬಾಡುವುದಿಲ್ಲ. ಎಲೆಯ ತುದಿ ಕಂದಾದರೆ ಬೋರ್‌ವೆಲ್ ನೀರಿನ ಲವಣ, ಫ್ಲೋರೈಡ್ ಕಾರಣವಿರಬಹುದು; ಹಿಡಿದಿಟ್ಟ ಮಳೆನೀರು ಹಾಕಿ ನೋಡಿ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ತುಂಡರಿಸಿ ನೆಟ್ಟರೆ ಹುಟ್ಟುವ ಮರಿಗೆ ಆ ಹಳದಿ ಅಂಚು ಬರುವುದಿಲ್ಲ. ಅಂಚು ಬೇಕಿದ್ದರೆ ಮಣ್ಣಿನೊಳಗಿನ ಕಾಂಡವನ್ನೇ ಭಾಗ ಮಾಡಿ ನೆಡಬೇಕು. ಇದಕ್ಕೆ ನಮ್ಮ ನಾಡಿನಲ್ಲೇ ಒಬ್ಬ ಅಣ್ಣನಿದ್ದಾನೆ. ಹಿಂದೆ ಅದರ ಎಲೆಯ ನಾರಿನಿಂದ ಬಿಲ್ಲಿನ ಹೆದೆ ಹೊಸೆಯುತ್ತಿದ್ದರು.

ಈ ಎರಡು ಗಿಡಗಳನ್ನು ಗಾಳಿ ಶುದ್ಧ ಮಾಡುವ ಯಂತ್ರವೆಂಬಂತೆ ಮಾರುವುದನ್ನು ಮಾತ್ರ ನಂಬಬೇಡಿ. ಆ ಮಾತಿನ ಮೂಲ 1989ರ ನಾಸಾ ಅಧ್ಯಯನ. ಅದು ಮುಚ್ಚಿದ ಪುಟ್ಟ ಪೆಟ್ಟಿಗೆಯೊಳಗೆ ನಡೆದ ಪ್ರಯೋಗ. ಕಿಟಕಿ ಬಾಗಿಲಿನಿಂದ ಸಹಜವಾಗಿ ಗಾಳಿಯಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕೆಂದು 2019ರಲ್ಲಿ ಪ್ರಕಟವಾದ ವಿಮರ್ಶಾ ಅಧ್ಯಯನ ಲೆಕ್ಕ ಹಾಕಿತು. ರಾತ್ರಿ ಆಮ್ಲಜನಕ ಕೊಡುವ ಗಿಡ ಎಂಬುದೂ ಅರ್ಧಸತ್ಯ. ಸ್ನೇಕ್ ಪ್ಲಾಂಟ್ ರಾತ್ರಿ ಹೊತ್ತು ಇಂಗಾಲದ ಡೈಆಕ್ಸೈಡ್ ಹೀರಿಟ್ಟುಕೊಳ್ಳುವುದು ನಿಜ, ಆದರೆ ಆಮ್ಲಜನಕ ತಯಾರಾಗುವುದು ಬೆಳಕಿನಲ್ಲೇ. ಇವು ಕಣ್ಣಿಗೆ ತಂಪು, ಸಾಕುವುದು ಸುಲಭ. ಮನೆಯಲ್ಲಿಟ್ಟುಕೊಳ್ಳಲು ಅಷ್ಟು ಕಾರಣ ಸಾಲದೇ?

ನೀರಿನ ಮಾತಿಗೆ ಬರುತ್ತೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿದ್ದನ್ನು ನಾವ್ಯಾರೂ ಮರೆತಿಲ್ಲ. ಟ್ಯಾಂಕರ್‌ಗಾಗಿ ಕಾಯುತ್ತಿದ್ದ ಆ ದಿನಗಳಲ್ಲಿ ಪೆಟೂನಿಯಾ, ಗುಲಾಬಿಗಳನ್ನು ಉಳಿಸಿಕೊಳ್ಳಲು ನಮ್ಮಲ್ಲಿ ಎಷ್ಟೋ ಜನ ಪರದಾಡಿದರು. ಸ್ಕಾಡಾಕ್ಸಸ್, ಗೌರಿ ಹೂಗಳ ಗೆಡ್ಡೆಗಳಿಗೆ ಆಗ ಒಂದು ಹನಿ ನೀರೂ ಬೇಕಿರಲಿಲ್ಲ. ಸ್ನೇಕ್ ಪ್ಲಾಂಟ್ ಎರಡು ಮೂರು ವಾರಕ್ಕೊಮ್ಮೆ ಒಂದು ಲೋಟ ನೀರಿನಲ್ಲಿ ಕಳೆಯಬಲ್ಲದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಾಲ್ಕನಿಯ ಲಿಲ್ಲಿಗಳಿಗೆ ಧಾರಾಳವಾಯಿತು. ಊರಿನ ನೀರು ಬತ್ತುವ ತಿಂಗಳುಗಳಲ್ಲೇ ತಾವೂ ಮಲಗುವ ಹೂಗಿಡಗಳು ನಮ್ಮ ಕೈಯಲ್ಲಿರುವಾಗ ಅವನ್ನು ಎಸೆಯುವುದು ಎಂಥ ನಷ್ಟ ಯೋಚಿಸಿ.

ಈ ಗೆಡ್ಡೆಗಳನ್ನು ಕೊಲ್ಲುವುದು ಬರವಲ್ಲ, ನಿಂತ ನೀರು. ಈಗ ಎಲ್ಲೆಡೆ ಸಿಗುವ ಬರೀ ಕೋಕೋಪೀಟ್ ಮಿಶ್ರಣ ಮಳೆಗಾಲದಲ್ಲಿ ವಾರಗಟ್ಟಲೆ ಹಸಿಯಾಗೇ ಇರುತ್ತದೆ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿಕೊಳ್ಳಿ. ಕುಂಡದ ತಳದ ತೂತು ಮುಚ್ಚಿಲ್ಲವೆಂದು ಮಳೆಗೆ ಮುಂಚೆ ಒಮ್ಮೆ ನೋಡಿ. ತಟ್ಟೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹೆಚ್ಚುಕಡಿಮೆ ಅಷ್ಟೇ ಸಮಯ ಸಾಕು.

ಮಳೆ ಹಿಡಿದ ಮೇಲೆ ಒಂದು ಶತ್ರುವನ್ನು ನೀವು ನೋಡಿಯೇ ನೋಡುತ್ತೀರಿ. ಬೆಳಿಗ್ಗೆ ತುಂಬಿಕೊಂಡಿದ್ದ ಎಲೆ ಸಂಜೆಗೆ ಕಚ್ಚಿ ಹರಿದಂತಿರುತ್ತದೆ. ಎಲೆಯ ಅಡಿ ತಿರುಗಿಸಿದರೆ ಕಪ್ಪು ಮೈಮೇಲೆ ಬಿಳಿ ಚುಕ್ಕಿ, ನಡುನಡುವೆ ಕೆಂಪು ಚುಕ್ಕಿಯಿರುವ ಮರಿಹುಳುಗಳ ಗುಂಪು. ಪಾಲಿಟೆಲಾ ಗ್ಲೋರಿಯೋಸೇ ಎಂಬ ಪತಂಗದ ಮರಿಗಳಿವು. ಗೌರಿ ಹೂವಿನಿಂದಲೇ ಹೆಸರು ಪಡೆದ ಈ ಪತಂಗ ಹಿಪ್ಪಿಯಾಸ್ಟ್ರಮ್, ಸ್ಪೈಡರ್ ಲಿಲ್ಲಿ, ರೇನ್ ಲಿಲ್ಲಿಗಳನ್ನೂ ಬಿಡುವುದಿಲ್ಲ. ಮರಿಗಳು ಚಿಕ್ಕವಿದ್ದಾಗ ಒಂದೇ ಎಲೆಯಲ್ಲಿ ಒತ್ತಾಗಿರುತ್ತವೆ. ಆಗಲೇ ಆ ಎಲೆಯನ್ನು ಕತ್ತರಿಸಿ ಸೋಪಿನ ನೀರಿಗೆ ಹಾಕಿದರೆ ಮುಕ್ಕಾಲು ಕೆಲಸ ಮುಗಿಯಿತು. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಬೆರೆಯಲು ಕೆಲವು ಹನಿ ಸೋಪು ಸೇರಿಸಿ ಸಂಜೆ ಸಿಂಪಡಿಸಿ. ಹುಳು ಮಣ್ಣಿಗಿಳಿದು ಕೋಶವಾಗುವುದರಿಂದ ಮೇಲ್ಮಣ್ಣನ್ನು ಆಗಾಗ ಕೆದಕಿ. ಎಲೆ ಪೂರ್ತಿ ಹೋದರೂ ಗೆಡ್ಡೆ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ, ಗಾಬರಿಯಿಂದ ಕಿತ್ತುಹಾಕಬೇಡಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಮನೆಯಲ್ಲಿ ಬೆಕ್ಕಿದ್ದರೆ ಲಿಲಿಯಮ್ ಮತ್ತು ಡೇ ಲಿಲ್ಲಿ ಎರಡನ್ನೂ ಒಳಗೆ ತರಲೇಬೇಡಿ, ಬೊಕೆಯಲ್ಲೂ ಬೇಡ. ಎಲೆ, ಎಸಳು, ಮೈಗೆ ಅಂಟಿ ನೆಕ್ಕಿದ ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡಗಳನ್ನು ಒಂದೆರಡು ದಿನಗಳಲ್ಲಿ ಕೆಡಿಸಿ ಜೀವ ತೆಗೆಯಬಲ್ಲದು. ತಿಂದದ್ದು ಗೊತ್ತಾದರೆ ವಾಂತಿ ಶುರುವಾಗಲಿ ಎಂದು ಕಾಯದೆ ಆ ಕ್ಷಣವೇ ಪಶುವೈದ್ಯರ ಬಳಿ ಓಡಿ. ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕ ಚಿಕಿತ್ಸೆಯೇ ಉಳಿಸುವುದು. ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಮನುಷ್ಯರಿಗೂ ಮಾರಕ. ಅದನ್ನು ಗೆಣಸೆಂದು ತಿಳಿದು ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಆ ಕುಂಡ ಮಕ್ಕಳ ಕೈಗೆ ಎಟುಕದಿರಲಿ, ಗೆಡ್ಡೆ ಮುಟ್ಟುವಾಗ ಕೈಗವಸಿರಲಿ, ಯಾವ ಕಾರಣಕ್ಕೂ ಅದು ಅಡುಗೆಮನೆಯೊಳಗೆ ಬರದಿರಲಿ. ಹಿಪ್ಪಿಯಾಸ್ಟ್ರಮ್, ಸ್ಕಾಡಾಕ್ಸಸ್ ಗೆಡ್ಡೆಗಳೂ ಹೊಟ್ಟೆಗೆ ಹೋದರೆ ವಿಷವೇ. ಸ್ಪೈಡರ್ ಪ್ಲಾಂಟ್, ಆಸ್ಪಿಡಿಸ್ಟ್ರಾಗಳಿಂದ ಬೆಕ್ಕು ನಾಯಿಗಳಿಗೆ ಅಪಾಯವಿಲ್ಲ. ಸಾಕುಪ್ರಾಣಿಗಳಿರುವ ಮನೆಗೆ ಅವೇ ನೆಮ್ಮದಿ.

ಹೊರನಾಡಿನ ಗಿಡಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹೈದರಾಲಿ 1760ರಲ್ಲಿ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದ ದಿನದಿಂದ ಈ ಊರು ದೂರದೇಶಗಳ ಗಿಡಗಳನ್ನು ತರಿಸಿ ಸಾಕುತ್ತಲೇ ಬಂದಿದೆ. ಮೇಲೆ ಹೇಳಿದ ಬಹುಪಾಲು ಗಿಡಗಳೂ ಹಾಗೆ ಬಂದವೇ. ನಮ್ಮ ಮಳೆ ಬಿಸಿಲಿಗೆ ಹೊಂದುವುದೇ ಎಂದು ಕೇಳಿ ತರುವುದು, ತಂದದ್ದನ್ನು ಅದರ ಕಾಲಕ್ಕೆ ತಕ್ಕಂತೆ ಸಾಕುವುದು, ಇವೆರಡೇ ನಾನು ಕೇಳುವುದು.

ಹಾಗಾಗಿ ನನ್ನ ಕೋರಿಕೆಗಳು ಇವು. ಜನವರಿ, ಆಗಸ್ಟ್ ತಿಂಗಳ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ, ನರ್ಸರಿಗೆ ಹೋದಾಗ, ಹೂ ನೋಡಿ ಮರುಳಾಗುವ ಮೊದಲು ಎರಡು ಪ್ರಶ್ನೆ ಕೇಳಿ: ಇದು ಬೆಂಗಳೂರಿನಲ್ಲಿ ಎರಡನೆಯ ವರ್ಷವೂ ಹೂ ಬಿಡುತ್ತದೆಯೇ, ಇದು ಯಾವ ತಿಂಗಳಲ್ಲಿ ಮಲಗುತ್ತದೆ? ಪ್ರತಿ ಗೆಡ್ಡೆಯ ಕುಂಡಕ್ಕೂ ಹೆಸರು, ಮಲಗುವ ತಿಂಗಳು, ವಿಷವಿದ್ದರೆ ಆ ಮಾತು ಬರೆದ ಚೀಟಿ ಹಚ್ಚಿ. ನಿವಾಸಿಗಳ ಸಂಘದವರು ಚಳಿಗಾಲದ ಸ್ವಚ್ಛತೆಗೆ ಮುನ್ನ ಮಾಲಿಯವರೊಂದಿಗೆ ಕೂತು ಮಾತಾಡಿ, ಒಣಗಿದಂತೆ ಕಾಣುವ ಕುಂಡಗಳನ್ನು ಒಂದು ಮೂಲೆಯಲ್ಲಿ ಜೋಡಿಸಿಡುವ ಏರ್ಪಾಡು ಮಾಡಿ. ಈ ಬಳಗದ ಗಿಡಗಳು ಮರಿ ಹಾಕುವುದರಲ್ಲಿ ಜಿಪುಣರಲ್ಲ. ಒಂದು ಹಿಪ್ಪಿಯಾಸ್ಟ್ರಮ್ ಕೆಲವೇ ವರ್ಷಗಳಲ್ಲಿ ಕುಂಡ ತುಂಬುತ್ತದೆ. ಮಾರ್ಚ್ ಕೊನೆಯ ಒಂದು ಭಾನುವಾರ ಅಂಗಳದಲ್ಲಿ ಗೆಡ್ಡೆ ಹಂಚಿಕೊಳ್ಳುವ ಕೂಟ ಇಟ್ಟುಕೊಳ್ಳಿ. ಹೆಚ್ಚಾದದ್ದನ್ನು ಹತ್ತಿರದ ಸರ್ಕಾರಿ ಶಾಲೆಯ ತೋಟಕ್ಕೆ ಕೊಡಿ. ಅಲ್ಲಿಗೆ ರೇನ್ ಲಿಲ್ಲಿಯಂಥವನ್ನು ಕೊಡುವಾಗಲೂ ತಿನ್ನಬಾರದೆಂದು ಮಕ್ಕಳಿಗೆ ತಿಳಿಹೇಳಿ, ಗೌರಿ ಹೂವನ್ನಂತೂ ಕೊಡಬೇಡಿ.

ನರ್ಸರಿ ನಡೆಸುವವರಲ್ಲೂ ಒಂದು ಬಿನ್ನಹ. ಗೆಡ್ಡೆ ಮಾರುವಾಗ ಅದು ಮಲಗುವ ಕಾಲವನ್ನೂ ಬಾಯಿಮಾತಿನಲ್ಲಿ ಹೇಳಿ. ನಾಲ್ಕು ಹೂ ನೋಡಿ ಬೇಸತ್ತು ಗಿಡ ಬಿಟ್ಟವರಿಗಿಂತ ವರ್ಷ ವರ್ಷ ಹೂ ಕಂಡವರೇ ನಿಮ್ಮ ಬಳಿ ಮತ್ತೆ ಬರುತ್ತಾರೆ.

ಬಂಧುಗಳೇ, ಇವತ್ತೇ ಬಾಲ್ಕನಿಗೆ ಹೋಗಿ ಒಣಗಿದ ಕುಂಡಗಳ ಮಣ್ಣಿನಲ್ಲಿ ಬೆರಳಾಡಿಸಿ ನೋಡಿ. ಗೆಡ್ಡೆ ಗಟ್ಟಿಯಿದ್ದರೆ ಚೀಟಿ ಹಚ್ಚಿ, ಮಳೆ ತಾಗದಲ್ಲಿ ಸರಿಸಿಡಿ, ಅದು ಏಳುವವರೆಗೆ ನೀರು ಹಾಕಬೇಡಿ. ಮುಂದಿನ ಬೇಸಿಗೆಗೆ ಅದರ ಒಂದು ಮರಿಯನ್ನು ಪಕ್ಕದ ಮನೆಯವರಿಗೆ, ಈ ವಿವರಗಳ ಸಮೇತ, ಕೊಟ್ಟುಬಿಡಿ.

ಇಂತು ನಿಮ್ಮ ವಿಶ್ವಾಸದ,
ಇದೇ ಊರಿನ ಒಬ್ಬ ಬಾಲ್ಕನಿ ತೋಟಗಾರ್ತಿ